ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಯಾವ ಬೈಕ್ ಟೈರ್? ಹಿಡಿತ, ಬಾಳಿಕೆ, ದರದ ಹೋಲಿಕೆ

ಟೈರ್ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದ ಕೂಡಲೇ ಕೇಳುವ ಪ್ರಶ್ನೆ, "ಯಾವ ಕಂಪನಿದು ಹಾಕ್ಲಿ?" ಕಂಪನಿ ವಿಚಾರ ಕೊನೆಗಿರಲಿ. ಟೈರ್ ಯಾವ ಚಕ್ರಕ್ಕೆ, ಅದರ ಮೇಲೆ ಎಷ್ಟು ಭಾರ ಬೀಳುತ್ತದೆ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಈ ಮೂರು ಜಿಲ್ಲೆಯ ಮಟ್ಟಿಗೆ ನಮ್ಮ ಸಲಹೆ ಇಷ್ಟು: ಹಿಂದಿನ ಚಕ್ರಕ್ಕೆ ಬಾಳಿಕೆ ನೋಡಿ ಕೊಳ್ಳಿ, ಮುಂದಿನ ಚಕ್ರಕ್ಕೆ ಹಿಡಿತ ನೋಡಿ ಕೊಳ್ಳಿ. ದುಡ್ಡು ಉಳಿಸಲೇಬೇಕೆಂದರೆ ಹಿಂದೆ ಉಳಿಸಿ, ಮುಂದೆ ಬೇಡ.

ಬ್ರೇಕ್ ಹಿಡಿದಾಗ ಬೈಕಿನ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಟೈರಿನದು. ಹಿಂದಿನ ಚಕ್ರ ಸ್ವಲ್ಪ ಜಾರಿದರೆ ಬ್ರೇಕ್ ಬಿಟ್ಟು, ಕಾಲೂರಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸವಕಳಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಎಂಜಿನ್ನಿನ ಎಳೆತ, ಹಿಂದೆ ಕೂತವರು, ಕಟ್ಟಿದ ಸಾಮಾನು ಎಲ್ಲ ಹಿಂದಿನ ಟೈರಿನ ಮೇಲೆ ಬೀಳುವುದರಿಂದ ಅದು ಮುಂದಿನದಕ್ಕಿಂತ ಬಹಳ ಬೇಗ ಸವೆಯುತ್ತದೆ. ಹೀಗಾಗಿ ಮುಂದಿನ ಟೈರಿಗೆ ಕೊಟ್ಟ ಹೆಚ್ಚಿನ ದುಡ್ಡು ಹೆಚ್ಚು ಕಿಲೋಮೀಟರಿಗೆ ಹಂಚಿಹೋಗುತ್ತದೆ.

ಈ ಕಡೆಯ ರಸ್ತೆ ಟೈರಿಗೆ ಏನು ಮಾಡುತ್ತದೆ

ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದಾಗ ಡಾಂಬರು ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಮೆತ್ತನೆ ರಬ್ಬರಿನ ಟೈರ್ ಆ ಡಾಂಬರಿನ ಮೇಲೆ ಪೆನ್ಸಿಲ್ ರಬ್ಬರಿನಂತೆ ಉದುರಿಹೋಗುತ್ತದೆ. ಗಟ್ಟಿ ರಬ್ಬರಿಗೆ ಇದೇ ಕಾವು ಅನುಕೂಲ. ಮಲೆನಾಡಿನ ತಂಪಿನಲ್ಲಿ ಮರದಂತೆ ಬಿಗಿದಿರುವ ಟೈರ್ ಇಲ್ಲಿ ಕಾದು, ಒಣ ರಸ್ತೆಯಲ್ಲಿ ಸಾಕಷ್ಟು ಹಿಡಿತ ಕೊಡುತ್ತದೆ. ಬೇರೆ ಊರಿನವರ ಅನುಭವ ಕೇಳಿ ಟೈರ್ ಆರಿಸುವ ಮುನ್ನ ಈ ವ್ಯತ್ಯಾಸ ನೆನಪಿರಲಿ.

ಎರಡನೆಯದು ಮುಳ್ಳು. ಕಾಲುವೆ ದಂಡೆ, ಹೊಲದ ದಾರಿ, ಊರ ಹೊರಗಿನ ರಸ್ತೆ ಬದಿ, ಎಲ್ಲೆಲ್ಲೂ ಬಳ್ಳಾರಿ ಜಾಲಿ. ಕಡಿದು ಟ್ರ್ಯಾಕ್ಟರಿನಲ್ಲಿ ಸೌದೆ ಸಾಗಿಸಿದ ದಾರಿಯಲ್ಲಿ ಮುಳ್ಳಿನ ಟಿಸಿಲು ಬಿದ್ದೇ ಇರುತ್ತವೆ. ಅರ್ಧ ಸವೆದ ಟೈರಿಗೆ ಈ ಮುಳ್ಳು ಸಲೀಸಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಂದು ಪಂಕ್ಚರ್ ಆಗುತ್ತಿದ್ದರೆ ಹಣೆಬರಹ ಎಂದುಕೊಳ್ಳಬೇಡಿ, ನಡುವಿನ ರಬ್ಬರ್ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡಿ.

ಮೂರನೆಯದು ರಸ್ತೆ ಮೇಲೆ ಬಿದ್ದಿರುವುದು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳಿಂದ ಉದುರಿದ ಕೆಂಪು ಪುಡಿ. ಶಕ್ತಿನಗರದ ಸುತ್ತ ಹಾರುಬೂದಿ. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ನಾಟಿ ಕಾಲಕ್ಕೆ ಟ್ರ್ಯಾಕ್ಟರಿನ ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹೊತ್ತು ತಂದು ಹಾಕುವ ಎರೆಮಣ್ಣು, ಕೊಯ್ಲಿನ ಕಾಲಕ್ಕೆ ರಸ್ತೆಯಲ್ಲೇ ಹರವಿದ ಭತ್ತ. ಇವುಗಳ ಮೇಲೆ ಯಾವ ದುಬಾರಿ ಟೈರೂ ನಿಲ್ಲಿಸುವುದಿಲ್ಲ, ಏಕೆಂದರೆ ರಬ್ಬರಿಗೆ ಡಾಂಬರು ಸಿಗುವುದೇ ಇಲ್ಲ. ಒಣ ಪುಡಿಯೂ ಕಾಳೂ ಗೋಲಿಗಳಂತೆ ಕೆಳಗೆ ಉರುಳುತ್ತವೆ. ಮೊದಲ ಮಳೆಗೆ ಅದಿರಿನ ಪುಡಿ ಲಾರಿಗಳಿಂದ ಸೋರಿದ ಎಣ್ಣೆಯ ಜೊತೆ ಸೇರಿ ಅಂಟು ಲೇಪವಾಗುತ್ತದೆ. ಎರೆಮಣ್ಣು ಟೈರಿನ ಗೆರೆಗಳೊಳಗೆ ಮೆತ್ತಿಕೊಂಡು ನುಣ್ಣಗಾಗಿಬಿಡುತ್ತದೆ. ಅಲ್ಲಿ ನಂಬಬೇಕಾದ್ದು ಕಡಿಮೆ ವೇಗವನ್ನು ಮಾತ್ರ. ಹಿಡಿತಕ್ಕೆಂದು ಕೊಡುವ ದುಡ್ಡು ಒಣ ಡಾಂಬರಿನಲ್ಲಿ ಮತ್ತು ಮಳೆ ಚೆನ್ನಾಗಿ ತೊಳೆದ ಡಾಂಬರಿನಲ್ಲಿ ಕೆಲಸಕ್ಕೆ ಬರುತ್ತದೆ.

ನಾಲ್ಕು ಬಗೆ

ಮಾರುಕಟ್ಟೆಯ ಟೈರುಗಳನ್ನು ನಾಲ್ಕು ಗುಂಪು ಮಾಡಬಹುದು. ಬಾಳಿಕೆಯೇ ಮುಖ್ಯವಾದ ಗಟ್ಟಿ ರಬ್ಬರಿನವು: ಎಂಆರ್‌ಎಫ್ ನೈಲೋಗ್ರಿಪ್ ಪ್ಲಸ್, ಸಿಯೆಟ್ ಮೈಲೇಜ್ ಈ ಸಾಲಿನವು. ಸ್ಪ್ಲೆಂಡರ್, ಶೈನ್, ಪ್ಲಾಟಿನಾದಂಥ ಬೈಕಿನ ಹಿಂದಿನ ಚಕ್ರಕ್ಕೆ ಇವೇ ಸರಿ. ಹೊಲಕ್ಕೆ, ಸಂತೆಗೆ, ಮಿಲ್ಲಿಗೆ, ಡ್ಯೂಟಿಗೆ ಓಡುವ ಬೈಕಿಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ಎರಡನೆಯವು ನಡುವಿನವು. ಎಂಆರ್‌ಎಫ್ ಝ್ಯಾಪರ್, ಸಿಯೆಟ್ ಸೆಕ್ಯೂರಾ ಝೂಮ್, ಟಿವಿಎಸ್ ಯೂರೋಗ್ರಿಪ್‌ನ ರಸ್ತೆ ಟೈರುಗಳು ಇಲ್ಲಿ ಬರುತ್ತವೆ. 125ರಿಂದ 160 ಸಿಸಿ ಬೈಕಿನ ಮುಂದಿನ ಚಕ್ರಕ್ಕೆ ನಮ್ಮ ಆಯ್ಕೆ ಈ ಗುಂಪು. ಹೈವೇ ಓಡಾಟ ಜಾಸ್ತಿಯಿದ್ದು, ಹೊರೆ ಕಡಿಮೆಯಿದ್ದರೆ ಹಿಂದಕ್ಕೂ ಇದನ್ನೇ ಹಾಕಬಹುದು.

ಮೂರನೆಯವು ಮೆತ್ತನೆಯವು: ಮಿಷೆಲಿನ್ ಪೈಲಟ್ ಸ್ಟ್ರೀಟ್, ಎಂಆರ್‌ಎಫ್ ರೆವ್ಝ್, ಪಿರೆಲ್ಲಿ, ಮೆಟ್ಸೆಲರ್ ಕಡೆಯವು. ತಿರುವಿನಲ್ಲೂ ಒದ್ದೆ ರಸ್ತೆಯಲ್ಲೂ ಇವುಗಳ ಹಿಡಿತ ಬೇರೆಯೇ ಮಟ್ಟದ್ದು. ಆದರೆ ಹೊಸಪೇಟೆಯಿಂದ ಕುಷ್ಟಗಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ನೇರ ರಸ್ತೆಯಲ್ಲಿ ಟೈರಿನ ಬದಿ ಮುಟ್ಟುವುದೇ ಇಲ್ಲ. ನಡುವಿನ ಪಟ್ಟಿ ಚಪ್ಪಟೆಯಾಗಿ, ಬದಿಯ ರಬ್ಬರ್ ಹೊಸದರಂತೆಯೇ ಉಳಿದಿರುವಾಗ ಟೈರ್ ಮುಗಿದಿರುತ್ತದೆ. ನೀವು ಕೊಟ್ಟ ದುಡ್ಡಿನ ಅರ್ಧ ಆ ಸವೆಯದ ಬದಿಯಲ್ಲೇ ಉಳಿದಿರುತ್ತದೆ. 200 ಸಿಸಿ ಮೇಲಿನ ಬೈಕಿನಲ್ಲಿ ಆಗಾಗ ಘಟ್ಟ, ಮಲೆನಾಡು ಸುತ್ತುವವರಿಗೆ ಇವು ಸೂಕ್ತ.

ನಾಲ್ಕನೆಯವು ದಪ್ಪ ದಪ್ಪ ಗುಬುಟಿನ ಟೈರುಗಳು. ಎಂಆರ್‌ಎಫ್ ಮೀಟಿಯರ್, ಸಿಯೆಟ್ ಗ್ರಿಪ್ ಇಂಥವು. ಮಸಾರಿ ಭೂಮಿಯ ಗರಸು ದಾರಿಯಲ್ಲಿ, ಕಾಲುವೆ ದಂಡೆಯ ಕಚ್ಚಾ ರಸ್ತೆಯಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಡಾಂಬರಿನಲ್ಲಿ ಮಾತ್ರ ಗುಂಯ್ ಎನ್ನುತ್ತವೆ, ಬ್ರೇಕಿನ ದೂರ ಸ್ವಲ್ಪ ಹೆಚ್ಚುತ್ತದೆ, ಗುಬುಟುಗಳ ಅಂಚು ಓರೆಯಾಗಿ ಸವೆಯುತ್ತದೆ. ದಿನದ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಚ್ಚಾ ದಾರಿ ಇದ್ದರೆ ಕೊಳ್ಳಿ, ನೋಡಲು ಚೆಂದ ಎಂದು ಕೊಳ್ಳಬೇಡಿ.

ಮುಂದಿನ ಚಕ್ರಕ್ಕೆ ಉದ್ದುದ್ದ ನೇರ ಗೆರೆಯ ಟೈರ್ ಬರುತ್ತದಲ್ಲ, ಅದು ನೇರ ರಸ್ತೆಯಲ್ಲಿ ಹಗುರವಾಗಿ ಉರುಳುತ್ತದೆ, ಬಾಳಿಕೆಯೂ ಒಳ್ಳೆಯದು. ಗರಸಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಬದಿಗೆ ಜಾರುತ್ತದೆ. ಹಳ್ಳಿ ದಾರಿ ಇರುವವರು ಅಡ್ಡ ಗೆರೆಯೂ ಇರುವ ಟೈರ್ ಕೇಳಿ.

ಕಿಲೋಮೀಟರಿಗೆ ಎಷ್ಟು ಪೈಸೆ

ದರ ಹೋಲಿಸುವಾಗ ಟೈರಿನ ಬೆಲೆಯನ್ನು ಅದು ಓಡುವ ಕಿಲೋಮೀಟರಿನಿಂದ ಭಾಗಿಸಿ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ, ನಿಮ್ಮ ಅಂಗಡಿಯ ದರ ಮತ್ತು ನಿಮ್ಮ ಓಡೋಮೀಟರಿನ ಅಂಕಿ ಹಾಕಿಕೊಳ್ಳಿ.

ಹಿಂದಿನ ಚಕ್ರಕ್ಕೆ ಗಟ್ಟಿ ಟೈರ್ 1,900 ರೂಪಾಯಿ, 28,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ ಸುಮಾರು 6.8 ಪೈಸೆ. ಮೆತ್ತನೆಯದು 2,600 ರೂಪಾಯಿ, 16,000 ಕಿ.ಮೀ. ಓಡಿದರೆ 16.25 ಪೈಸೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ವ್ಯತ್ಯಾಸ 1,100 ರೂಪಾಯಿ ದಾಟುತ್ತದೆ. ಈಗ ಮುಂದಿನ ಚಕ್ರ: ಗಟ್ಟಿ ಟೈರ್ 1,500 ರೂಪಾಯಿಗೆ 45,000 ಕಿ.ಮೀ., ಅಂದರೆ 3.3 ಪೈಸೆ. ಒಳ್ಳೆ ಹಿಡಿತದ್ದು 1,900 ರೂಪಾಯಿಗೆ 30,000 ಕಿ.ಮೀ., ಅಂದರೆ 6.3 ಪೈಸೆ. ವರ್ಷದ ವ್ಯತ್ಯಾಸ 360 ರೂಪಾಯಿ, ತಿಂಗಳಿಗೆ 30. ಆ 30 ರೂಪಾಯಿಗೆ ಬ್ರೇಕ್ ಹಿಡಿದಾಗ ಮೊದಲು ಕೆಲಸ ಮಾಡುವ ಚಕ್ರಕ್ಕೆ ಒಳ್ಳೆ ರಬ್ಬರ್ ಸಿಗುತ್ತದೆ. ಆರಂಭದಲ್ಲಿ ಕೊಟ್ಟ ಸಲಹೆಗೆ ಆಧಾರ ಈ ಲೆಕ್ಕವೇ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರಿ 2,560 ರೂಪಾಯಿ ಇದ್ದ ಟೈರ್ ಈ ಲೆಕ್ಕದಲ್ಲಿ 2,360 ಆಗಬೇಕು. ಅಂಗಡಿಯವರು ಹಳೆ ದರಪಟ್ಟಿ ಹಿಡಿದು ಹೇಳಿದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟು ಎಂದು ಕೇಳಿ. ಬಿಲ್ ಇಲ್ಲದೆ ಟೈರ್ ತರಲೇಬೇಡಿ. ಸೈಡ್‌ವಾಲ್ (ಟೈರಿನ ಬದಿ) ಉಬ್ಬಿದರೆ, ಪದರ ಬಿಟ್ಟರೆ ಕಂಪನಿಯಿಂದ ವಾರಂಟಿ ಕೇಳುವಾಗ ಅದು ಕೆಲಸಕ್ಕೆ ಬರುತ್ತದೆ.

ಬದಿಯ ಮೇಲೆ ಬರೆದಿರುವುದನ್ನು ಓದಿ

ಹೊಸ ಸ್ಪ್ಲೆಂಡರ್ ಪ್ಲಸ್ ತೆಗೆದುಕೊಳ್ಳಿ. ಹಿಂದೆ ಮುಂದೆ ಎರಡೂ ಕಡೆ ಸೈಜ್ 80/100-18. ಅಗಲ 80 ಮಿ.ಮೀ., ಎತ್ತರ ಅಗಲದ ಶೇ. 100, ರಿಮ್ 18 ಇಂಚು. ಸೈಜ್ ಒಂದೇ ಆದ್ದರಿಂದ ಯಾವುದು ಸಿಕ್ಕರೂ ನಡೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸೈಜಿನ ಪಕ್ಕದಲ್ಲಿರುವ ಅಂಕಿಯನ್ನು ನೋಡಿ: ಮುಂದಿನದಕ್ಕೆ 47ಪಿ, ಹಿಂದಿನದಕ್ಕೆ 54ಪಿ. 47 ಎಂದರೆ ಆ ಟೈರ್ ಹೊರಬಲ್ಲ ಗರಿಷ್ಠ ಭಾರ 175 ಕೆ.ಜಿ., 54 ಎಂದರೆ 212 ಕೆ.ಜಿ. ಪಿ ಎಂದರೆ ಗರಿಷ್ಠ ವೇಗ ಗಂಟೆಗೆ 150 ಕಿ.ಮೀ.

ಈಗ ಒಂದು ಯೂರಿಯಾ ಚೀಲದ ಲೆಕ್ಕ ಹಾಕೋಣ. ಬೈಕ್ ಸುಮಾರು 112 ಕೆ.ಜಿ., ಓಡಿಸುವವರು 70, ಹಿಂದೆ ಕೂತವರು 65, ನಡುವೆ ಚೀಲ 45. ಒಟ್ಟು 292. ಇದರಲ್ಲಿ ಮೂರನೇ ಎರಡು ಪಾಲು ಹಿಂದಿನ ಚಕ್ರದ ಮೇಲೆ ಬಿದ್ದರೂ 195 ಕೆ.ಜಿ. ಆಗುತ್ತದೆ. 54ರ ಟೈರ್ ಇದನ್ನು ತಡೆಯುತ್ತದೆ. ಅದೇ ಸೈಜಿನ 47ರ ಟೈರನ್ನು ಹಿಂದಕ್ಕೆ ಹಾಕಿದ್ದರೆ 20 ಕೆ.ಜಿ. ಮಿತಿಮೀರಿದಂತೆ. ಬಿಸಿಲಿನಲ್ಲಿ ಹಾಗೆ ಓಡಿದ ಟೈರಿನ ಬದಿ ಒಳಗಿನಿಂದಲೇ ಕಾಯುತ್ತದೆ, ನೂಲಿನ ಪದರ ರಬ್ಬರಿನಿಂದ ಬಿಡುತ್ತದೆ, ಒಂದು ದಿನ ಕೋಳಿಮೊಟ್ಟೆಯಷ್ಟು ಉಬ್ಬು ಹೊರಬರುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಅವತ್ತೇ ಬಿಚ್ಚಬೇಕು.

ಇನ್ನೊಂದು ಅಂಕಿ ತಯಾರಾದ ವಾರದ್ದು. ಉದ್ದುಂಡೆ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ರಬ್ಬರ್ ಓಡದೆಯೂ ಹಳತಾಗುತ್ತದೆ. ಅಂಗಡಿಯ ಹೊರಗೆ, ತಗಡಿನ ಕೆಳಗೆ, ಬಿಸಿಲು ಬೀಳುವಲ್ಲಿ ನೇತುಹಾಕಿದ್ದರೆ ಇನ್ನೂ ಬೇಗ. ನಮ್ಮ ಕಡೆ ಆರು ತಿಂಗಳೊಳಗಿನ ಮಾಲು ಕೇಳಿ, ಒಂದು ವರ್ಷ ದಾಟಿದ್ದನ್ನು ಬಿಡಿ. ನೆರಳಿನ ಗೋದಾಮಿನಲ್ಲಿಟ್ಟು ಹೊರಗೆ ತಂದುಕೊಡುವ ಅಂಗಡಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಐಎಸ್‌ಐ ಗುರುತು ಇರಲೇಬೇಕು. ಸವೆದ ಟೈರಿಗೆ ಮೇಲೆ ರಬ್ಬರ್ ಕೂಡಿಸಿದ ರೀಮೋಲ್ಡ್ ಮಾಲನ್ನು ಬೈಕಿಗೆ, ಅದರಲ್ಲೂ ಮುಂದಿನ ಚಕ್ರಕ್ಕೆ, ಹಾಕಲೇಬಾರದು. ಕಾವಿಗೆ ಆ ಪಟ್ಟಿ ಎದ್ದುಬಂದರೆ ಚಕ್ರಕ್ಕೇ ಸುತ್ತಿಕೊಳ್ಳುತ್ತದೆ.

ಟ್ಯೂಬೋ, ಟ್ಯೂಬ್‌ಲೆಸ್ಸೋ

ಅಲಾಯ್ ವೀಲ್ ಇದ್ದು, ರಿಮ್ ಟ್ಯೂಬ್‌ಲೆಸ್‌ಗೆ ಮಾಡಿದ್ದಾದರೆ ಬೇರೆ ಯೋಚನೆ ಬೇಡ, ಟ್ಯೂಬ್‌ಲೆಸ್ಸೇ ಹಾಕಿ. ಜಾಲಿ ಮುಳ್ಳು ಚುಚ್ಚಿದಾಗ ಟ್ಯೂಬಿನ ಗಾಳಿ ವಾಲ್ವಿನ ತೂತು, ಸ್ಪೋಕಿನ ಸಂದಿಯಿಂದ ಒಮ್ಮೆಲೇ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳೇ ಬಿರಡೆಯಾಗಿ ಕೂತು, ಗಾಳಿ ನಿಧಾನಕ್ಕೆ ಇಳಿಯುತ್ತದೆ, ಊರು ಮುಟ್ಟಬಹುದು. ಹಾಗಾಗಿ ಮುಳ್ಳು ಕಂಡರೂ ದಾರಿಯಲ್ಲಿ ಕೀಳಬೇಡಿ, ಪಂಕ್ಚರ್ ಅಂಗಡಿಯಲ್ಲೇ ಕೀಳಿಸಿ. ಎಳೆ ತುರುಕಿ ಹಾಕುವ ಪ್ಯಾಚ್ ನಡುವಿನ ಪಟ್ಟಿಗೆ ಮಾತ್ರ, ಬದಿಗೆ ಹಾಕಿದ್ದು ನಿಲ್ಲುವುದಿಲ್ಲ. ಟೈರ್ ಬದಲಿಸುವಾಗ ವಾಲ್ವನ್ನೂ ಹೊಸದು ಹಾಕಿಸಿ, ಹಳೆಯದರ ಬುಡದ ರಬ್ಬರ್ ಬಿರುಕುಬಿಟ್ಟು ಸೋರುವುದೇ ಹೆಚ್ಚು.

ಸಾಮಾನ್ಯ ಸ್ಪೋಕ್ ರಿಮ್ಮಿಗೆ ಟ್ಯೂಬೇ ಗತಿ. ಅಲ್ಲಿ ಟ್ಯೂಬ್‌ಲೆಸ್ ಟೈರ್ ಕೊಂಡು ಒಳಗೆ ಟ್ಯೂಬ್ ಹಾಕಿಸಿದರೆ ಹೆಚ್ಚಿನ ಬೆಲೆ ಕೊಟ್ಟಂತಾಯಿತೇ ಹೊರತು ಮುಳ್ಳಿನಿಂದ ರಕ್ಷಣೆ ಸಿಗುವುದಿಲ್ಲ. ಹೊಸ ಟೈರಿಗೆ ಹಳೆ ಟ್ಯೂಬ್ ಹಾಕಿಸಬೇಡಿ. ಹಿಗ್ಗಿದ ಟ್ಯೂಬ್ ಒಳಗೆ ಮಡಚಿಕೊಂಡು, ಮಡಿಕೆಯಲ್ಲೇ ಹರಿಯುತ್ತದೆ. ಸ್ಪೋಕಿನ ತಲೆ ಮುಚ್ಚುವ ರಿಮ್ ಪಟ್ಟಿ ಸರಿಯಿದೆಯೇ ಎಂದೂ ನೋಡಿ. ಪಂಕ್ಚರ್ ಹಾಕಿಸುವಾಗ ಒಂದು ಕೆಲಸ ಕಡ್ಡಾಯ: ಟೈರಿನ ಒಳಗೆ ಹತ್ತಿಯ ಉಂಡೆಯನ್ನು ಸುತ್ತಲೂ ಸವರಿಸಿ. ಜಾಲಿ ಮುಳ್ಳು ಹೊರಗಿನಿಂದ ಮುರಿದಿರುತ್ತದೆ, ತುದಿ ಮಾತ್ರ ಒಳಗೆ ಒಂದೆರಡು ಮಿ.ಮೀ. ಚಾಚಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಹತ್ತಿಯ ಎಳೆ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಇಕ್ಕಳದಿಂದ ಎಳೆಯದೆ ಟ್ಯೂಬ್ ಕೂರಿಸಿದರೆ ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್.

ಅಗಲದ ಆಸೆ

ಪಲ್ಸರ್ 150ರ ಹಿಂದೆ 100/90-17 ಇರುವಲ್ಲಿ 120/80-17 ಹಾಕಿಸುವವರಿದ್ದಾರೆ. ಹೊಸ ಟೈರಿನ ವ್ಯಾಸ 612ರಿಂದ 624 ಮಿ.ಮೀ.ಗೆ ಏರುತ್ತದೆ, ಅಂದರೆ ಶೇ. 2ರಷ್ಟು ಹೆಚ್ಚು. ಅದು ಸಣ್ಣ ವಿಷಯ. ದೊಡ್ಡದು ಏನೆಂದರೆ, ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರ್ ಹಿಂಡಿಕೊಂಡು ನಡು ಉಬ್ಬುತ್ತದೆ. ನೆಲಕ್ಕೆ ತಾಗುವ ಪಟ್ಟಿ ನೀವು ಎಣಿಸಿದಷ್ಟು ಅಗಲವಾಗುವುದಿಲ್ಲ, ನಡುವೇ ಬೇಗ ಸವೆಯುತ್ತದೆ. ಮೇಲಾಗಿ ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಸಂಭವ, ಪೆಟ್ರೋಲ್ ಖರ್ಚೂ ಹೆಚ್ಚು. ಕಂಪನಿ ಕೊಟ್ಟ ಸೈಜನ್ನೇ ಉಳಿಸಿಕೊಳ್ಳಿ.

ಹಾಕಿಸುವಾಗ, ಹಾಕಿಸಿದ ಮೇಲೆ

ಬದಿಯಲ್ಲಿರುವ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗಿರಬೇಕು. ಬಣ್ಣದ ಚುಕ್ಕೆ ಇದ್ದರೆ ಅದು ವಾಲ್ವಿನ ಪಕ್ಕಕ್ಕೆ ಬರಲಿ. ಅಂಚು ಕೂರಿಸಲು ಸೋಪಿನ ನೀರು ಸಾಕು, ಗ್ರೀಸ್ ಅಥವಾ ಡೀಸೆಲ್ ಸವರಿದರೆ ರಬ್ಬರ್ ಕೆಡುತ್ತದೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ಸಮವಾಗಿ ಒಂದು ತೆಳು ಗೆರೆ ಸುತ್ತಲೂ ಕಾಣಬೇಕು. ಒಂದು ಕಡೆ ಗೆರೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಓಡುವಾಗ ಬೈಕ್ ಕುಲುಕುತ್ತದೆ. ಹಿಂದಿನ ಚಕ್ರ ವಾಪಸ್ ಜೋಡಿಸುವಾಗ ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ಕವೆ) ಎರಡೂ ಬದಿಯ ಗೀಟುಗಳು ಒಂದೇ ಮಟ್ಟದಲ್ಲಿರಲಿ. ಒಂದು ಗೀಟು ಹೆಚ್ಚುಕಡಿಮೆಯಾದರೂ ಟೈರ್ ಒಂದೇ ಬದಿ ಸವೆಯುತ್ತದೆ. ಚೈನಿನ ಸಡಿಲ, ಹಿಂದಿನ ಬ್ರೇಕಿನ ಆಟ ನೋಡಿದ ಮೇಲೇ ಅಂಗಡಿ ಬಿಡಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 100ರಿಂದ 150 ಕಿ.ಮೀ. ಜೋರಾಗಿ ಬಾಗಿಸಬೇಡಿ, ಗಕ್ಕನೆ ಬ್ರೇಕ್ ಒತ್ತಬೇಡಿ.

ಇನ್ನು ಗಾಳಿ. ಈ ಸೀಮೆಯಲ್ಲಿ ಟೈರ್ ಹಾಳಾಗುವುದು ರಸ್ತೆಯಿಂದ ಎಷ್ಟೋ, ತಪ್ಪು ಹೊತ್ತಿನಲ್ಲಿ ಗಾಳಿ ನೋಡುವುದರಿಂದಲೂ ಅಷ್ಟೇ. ಕಂಪನಿ ಹೇಳುವ ಅಂಕಿ ತಣ್ಣಗಿರುವ ಟೈರಿನದು. ಬೆಳಿಗ್ಗೆ 30 ಡಿಗ್ರಿಯಲ್ಲಿ 28 ಪಿಎಸ್‌ಐ ಇದ್ದ ಟೈರ್, ಮಧ್ಯಾಹ್ನ ಓಡಿ 55 ಡಿಗ್ರಿಗೆ ಕಾದಾಗ ಸುಮಾರು 31.5 ತೋರಿಸುತ್ತದೆ. ಪಂಪಿನವರು ಜಾಸ್ತಿಯಾಗಿದೆ ಎಂದು 28ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ಅದು 25ಕ್ಕಿಂತ ಕೆಳಗಿರುತ್ತದೆ. ಕಡಿಮೆ ಗಾಳಿಯ ಟೈರ್ ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಎರಡೂ ಬದಿ ಸವೆಯುತ್ತದೆ. ಬೇಸಿಗೆ ಎಂದು ಗಾಳಿ ಕಡಿಮೆ ಇಡುವ ರೂಢಿಯೂ ಇಷ್ಟೇ ಹಾನಿಕರ. ಬೆಳಿಗ್ಗೆ, ಬೈಕ್ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡುವ ಮುನ್ನ, ಹತ್ತು ದಿನಕ್ಕೊಮ್ಮೆ ನೋಡಿ. ಅಂಕಿ ಚೈನ್ ಕವರಿನ ಅಥವಾ ಸ್ವಿಂಗ್‌ಆರ್ಮಿನ ಸ್ಟಿಕರಿನಲ್ಲಿರುತ್ತದೆ. ಡಬಲ್ ಸವಾರಿಗೆ ಹಿಂದಿನದಕ್ಕೆ ಬೇರೆ ಅಂಕಿ ಇರುತ್ತದೆ, ಪಲ್ಸರ್ 150ರಲ್ಲಿ ಒಬ್ಬರಿಗೆ 28, ಇಬ್ಬರಿಗೆ 32. ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸುವ ಅಗತ್ಯವಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಆ ದುಡ್ಡಿಗೆ ಸ್ವಂತಕ್ಕೊಂದು ಗೇಜ್ ಕೊಂಡುಕೊಳ್ಳಿ.

ಕಾನೂನಿನ ಪ್ರಕಾರ ಬೈಕ್ ಟೈರಿನ ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಗೆರೆಯ ತಳದಲ್ಲಿ ಸಣ್ಣ ದಿಬ್ಬದಂತೆ ಸವಕಳಿಯ ಗುರುತು ಇರುತ್ತದೆ, ರಬ್ಬರ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮುಳ್ಳಿನ ಊರಿನಲ್ಲಿ ಅಲ್ಲಿಯವರೆಗೆ ಕಾಯುವುದು ಲಾಭವಲ್ಲ, ಒಂದೂವರೆ ಮಿ.ಮೀ. ಉಳಿದಾಗಲೇ ಹಿಂದಿನದನ್ನು ಬದಲಿಸಿ. ಬಿಚ್ಚಿದ ಹಳೆ ಟೈರನ್ನು ಎಸೆಯುವ ಮುನ್ನ ಒಮ್ಮೆ ಸುತ್ತ ತಿರುಗಿಸಿ ನೋಡಿ. ನಡು ಮಾತ್ರ ಸವೆದು ಗಾಳಿ ಸರಿಯಿದ್ದಿದ್ದರೆ ನಿಮ್ಮ ಓಡಾಟವೆಲ್ಲ ನೇರ ರಸ್ತೆಯದು, ಮುಂದಿನ ಸಲವೂ ಗಟ್ಟಿಯದನ್ನೇ ತನ್ನಿ. ಎರಡೂ ಬದಿ ಸವೆದಿದ್ದರೆ ಗಾಳಿ ಕಡಿಮೆ ಇತ್ತು, ಬೇರೆ ಕಂಪನಿಯ ಟೈರ್ ತಂದರೂ ಹೀಗೇ ಆಗುತ್ತದೆ. ಮುಂದಿನ ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಂಥ ತಗ್ಗು ಬಿದ್ದಿದ್ದರೆ ಹೊಸದು ಹಾಕಿಸುವ ಮೊದಲು ಫೋರ್ಕಿನ ಎಣ್ಣೆ, ಬೇರಿಂಗ್ ನೋಡಿಸಿ.